ಪಿನ್‌ಬಾಲ್ ರಿಸೆಟ್ ಆಗಾಕತ್ರ ಸ್ಟೆಬಿಲೈಸರ್ರೋ, ಎಸ್‌ಎಂಪಿಎಸ್ಸೋ, ಹಳೇ ಬೋರ್ಡ್ ರಿಪೇರಿನೋ?

ಪಿನ್‌ಬಾಲ್ ಅಂದ್ರ ಉಕ್ಕಿನ ಗುಂಡು ಹೊಡದು ಸ್ಕೋರ್ ಮಾಡೋ ಆಟದ ಮಷೀನು, ಆಡೋವಾಗ್ಲೇ ಅದು ಆರಿ ಮತ್ತ ಮೊದಲಿಂದ ಶುರು ಆಗೋದ ರಿಸೆಟ್. ಮೊದ್ಲ ಹೇಳಿಬಿಡ್ತೀನಿ, ನನ್ನ ಓಟು ಹಳೇ ಬೋರ್ಡ್ ರಿಪೇರಿಗೆ. ಉಳಿದೆರಡೂ, ಅಂದ್ರ ಸ್ಟೆಬಿಲೈಸರ್ ಮತ್ತ ಎಸ್‌ಎಂಪಿಎಸ್ (ಕಂಪ್ಯೂಟರಿನ್ಯಾಗ ಇರೋವಂಥ ಪವರ್ ಸಪ್ಲೈ ಡಬ್ಬಿ), ಹಾಕಿ ನೋಡಿದ ಮ್ಯಾಲೇ ಹೇಳಾಕತ್ತೀನಿ.

ಮಷೀನು ವಿಲಿಯಮ್ಸ್ ಕಂಪನಿಯ ಡಬ್ಲ್ಯುಪಿಸಿ ಅನ್ನೋ ಬೋರ್ಡ್ ಸಿಸ್ಟಮ್ಮಿಂದು, 1990ರ ದಶಕದ್ದು. ಗೋವಾದಾಗ ಬಂದ್ ಆದ ಒಂದು ಗೇಮ್ ಪಾರ್ಲರ್‌ದಿಂದ ಟೆಂಪೋದಾಗ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂತು. ಮಾರಿದವ ರೆಡಿ ಐತಿ ಅಂದಿದ್ದ, ರೆಡಿನೂ ಇತ್ತು, ಒಂದು ಫ್ಲಿಪ್ಪರ್ (ಬಟನ್ ಒತ್ತಿದ್ರ ಗುಂಡು ಹೊಡ್ಯೋ ಕೈ) ಹೊಡ್ಯೋತನಕ. ಎರಡೂ ಕೂಡೇ ಒತ್ತಿದ್ರ ಡಿಸ್‌ಪ್ಲೇ ಆರಿ ಮತ್ತ ಮೊದಲಿಂದ ಸ್ಟಾರ್ಟ್, ಸ್ಕೋರ್ ಎಲ್ಲಾ ನೀರಾಗ ಹೋಮ.

ನಮ್ಮ ಕಡೆ ಏನ್ ಕೆಟ್ರೂ ಮಂದಿ ಹೇಳೋ ಮೊದಲ್ನೇ ಮಾತು ಸ್ಟೆಬಿಲೈಸರ್ ಹಾಕ್ರಿ. ಸಂಜೀಮುಂದ ಮನ್ಯಾಗ ವೋಲ್ಟೇಜ್ ಇಳಿಯೋದು ಖರೇನ, ಅದಕ್ಕ ಹಾಕಿದೆ. ಮಷೀನಿಗೆ 230 ಸರಿಯಾಗಿ ಹೊಂಟಿತ್ತು, ರಿಸೆಟ್ ಮಾತ್ರ ನಿಲ್ಲಲಿಲ್ಲ. ಮ್ಯಾಲ ರಿಲೇ ಇರೋ ಸ್ಟೆಬಿಲೈಸರ್ ಟಕ್ ಅಂತ ಟ್ಯಾಪ್ ಬದಲಿ ಮಾಡೋವಾಗ ಒಂದ್ ಕ್ಷಣ ಕರೆಂಟ್ ಕಡೀತೈತಿ, ಅದರಿಂದ್ಲೂ ಒಮ್ಮೊಮ್ಮೆ ರಿಸೆಟ್. ಅದು ಈಗ ಫ್ರಿಜ್ಜಿಗೆ ಐತಿ.

ಎಸ್‌ಎಂಪಿಎಸ್ ಐಡಿಯಾ ಕೇಳಾಕ ಛಲೋನ ಐತಿ. ಹಳೇ 5 ವೋಲ್ಟ್ ಸಪ್ಲೈ ಬಿಟ್ಟುಬಿಡು, ಬ್ಯಾರೆ ಡಬ್ಬಿಯಿಂದ 5 ವೋಲ್ಟ್ ತಂದು ಡ್ರೈವರ್ ಬೋರ್ಡಿಗೆ (ಪವರ್ ಹಂಚಿ ಫ್ಲಿಪ್ಪರಿನ ಕಾಯಿಲ್ ನಡಸೋ ಬೋರ್ಡು) ಕೊಡು, ಗ್ರೌಂಡ್ ಎರಡಕ್ಕೂ ಕೂಡಿಸು, ಮುಗೀತು. ಅರ್ಧ ತಾಸಿನ ಕೆಲ್ಸ, ರೊಕ್ಕಾನೂ ಕಡಿಮಿ, ಕಾದು ಕೆಂಡ ಆಗೋ ಎಲ್‌ಎಂ323 ರೆಗ್ಯುಲೇಟರ್ ಕಾಟಾನೂ ಇಲ್ಲ. ಹಾಕಿದ ಮ್ಯಾಲ ರಿಸೆಟ್ ಕಡಿಮಿ ಆತು, ಪೂರ್ತಿ ಹೋಗಲಿಲ್ಲ. ಇದ ನೋಡ್ರಿ ತಲೀ ಕೆಡಿಸಿದ್ದು, ಹೊಸಾ ಡಬ್ಬಿ 5 ವೋಲ್ಟ್ ಗಟ್ಟಿಯಾಗಿ ಕೊಡಾಕತ್ತೈತಿ, ಬೋರ್ಡಿನ ಮ್ಯಾಲಿನ 5 ವೋಲ್ಟ್ ಎಲ್‌ಇಡಿ ಹತ್ತೇ ಐತಿ, ಆದ್ರೂ ಮಷೀನ್ ಸಾಯ್ತೈತಿ.

ಎಲ್‌ಇಡಿ ನಂಬಬ್ಯಾಡ್ರಿ, 4.7ಕ್ಕೂ ಅದು ಹಂಗ ಉರೀತೈತಿ. ಮಲ್ಟಿಮೀಟರ್ ಹಚ್ಚಿದ್ರ ಡ್ರೈವರ್ ಬೋರ್ಡಿನಾಗ 5.05, ಅದೇ ವೋಲ್ಟೇಜ್ ಗೇಣುದ್ದ ತಂತಿ ದಾಟಿ ಮಷೀನಿನ ಮಿದುಳು ಅನ್ನೋ ಸಿಪಿಯು ಬೋರ್ಡಿಗೆ ಬರೋದ್ರಾಗ 4.72. ಸಿಪಿಯು ಬೋರ್ಡಿನ್ಯಾಗ ಎಂಸಿ34064 ಅಂತ ಒಂದು ಸಣ್ಣ ಚಿಪ್ ಐತಿ, ವೋಲ್ಟೇಜ್ 4.6ರ ಹತ್ರ ಇಳೀತಂದ್ರ ಸಾಕು, ಅದು ಎಲ್ಲಾ ರಿಸೆಟ್ ಮಾಡ್ತೈತಿ. ಅಂದ್ರ ಕೊಸರು ಉಳಿದಿದ್ದು ಕೂದಲೆಳೆಯಷ್ಟ.

ನಡುವ ನುಂಗಿದ್ದು ಕನೆಕ್ಟರ್. ಡ್ರೈವರ್ ಬೋರ್ಡಿನ ಜೆ114ರಿಂದ ಸಿಪಿಯುದ ಜೆ210ಕ್ಕ 5 ವೋಲ್ಟ್ ಹೋಗ್ತೈತಿ. ಮಷೀನ್ ಚಾಲೂ ಇಟ್ಟು, ಒಂದು ಒಣಾ ಕಟ್ಟಿಗಿ ಕಡ್ಡಿಲೆ ಜೆ114ನ್ನ ಸಾವಕಾಶ ಅಲುಗಾಡಿಸಿದೆ, ಫ್ಲಿಪ್ಪರ್ ಮುಟ್ಟದ ಡಿಸ್‌ಪ್ಲೇ ಆರಿತು. ಬೋರ್ಡ್ ಬಿಚ್ಚಿ ಹಿಂದ ಲೆನ್ಸ್ ಹಿಡದ್ರ ಎರಡು ಪಿನ್ನಿನ ಸುತ್ತಲೂ ಬೆಸುಗಿ ಉಂಗುರದಂಗ ಸೀಳಿತ್ತು, ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿತ್ತು. ಫ್ಲಿಪ್ಪರ್ ಧಡ್ ಅಂದಾಗೆಲ್ಲಾ ಮಷೀನ್ ನಡಗ್ತೈತಿ, ಆ ಸೀಳು ಬಾಯಿ ಬಿಡ್ತೈತಿ. ಹಿಂದ ಯಾವ ಸಪ್ಲೈ ಕಟ್ಟಿದ್ರೂ ಕರೆಂಟ್ ಹಾಯೋದು ಇದೇ ಪಿನ್ನಿನ ಮ್ಯಾಲ.

ಗೆಳ್ಯಾ ಒಬ್ಬಾಂವ ಎಸ್‌ಎಂಪಿಎಸ್ಸಿನ ಪಾಟ್ (ವೋಲ್ಟೇಜ್ ಹೊಂದಿಸೋ ತಿರುಪು) ತಿರುವಿ 5.4 ಮಾಡಿಬಿಡು ಅಂದ. ಬೋರ್ಡಿನ ಮ್ಯಾಲಿನ ಟಿಟಿಎಲ್ ಅನ್ನೋ ಹಳೇ ಲಾಜಿಕ್ ಚಿಪ್ಪುಗಳ ಲಿಮಿಟ್ಟು 5.25 ವೋಲ್ಟ್. ಸುಟ್ಟ ಪಿನ್ನಿಗೆ ಹೆದರಿ ಚಿಪ್ ಸುಡೋದು ಯಾವ ಶಾಣ್ಯಾತನ ಹೇಳ್ರಿ.

ಆಮ್ಯಾಲ ಎಸ್‌ಎಂಪಿಎಸ್ ಕಿತ್ತು ಹಳೇ ಬೋರ್ಡ್ ಕೈಗೆ ತಗೊಂಡೆ. 3.96 ಎಂಎಂ ಹೊಸಾ ಪಿನ್ ಹೆಡರ್, ತಂತಿಗೆ ಒತ್ತಿ ಕೂಡ್ಸೋ ಹಳೇ ಕನೆಕ್ಟರ್ ಬದಲಿ ಕ್ರಿಂಪ್ ಪಿನ್. ಟ್ರಾನ್ಸ್‌ಫಾರ್ಮರಿಂದ ಬರೋ ಜೆ101ಕ್ಕೂ ಅದೇ ಔಷಧ. 15,000 ಮೈಕ್ರೋಫ್ಯಾರಡ್ಡಿನ ಸಿ5 ಕೆಪ್ಯಾಸಿಟರ್ ಮತ್ತ ಅದರ ಬ್ರಿಜ್ ರೆಕ್ಟಿಫೈಯರ್‌ನೂ (ಎಸಿ ಕರೆಂಟ್ ಡಿಸಿ ಮಾಡೋದು) ಹೊಸಾವು. ಬ್ರಿಜ್ ತರೋವಾಗ ಒಂದು ಲಕ್ಷ್ಯ ಇರ್ಲಿ, ಇಲ್ಲಿ ಅಂಗಡ್ಯಾಗ ಕೆಬಿಪಿಸಿ3510 ಕೇಳಿದ್ರ ಬ್ಯಾಟರಿ ಚಾರ್ಜರಿಗೆ ಹಾಕೋ ಚಪ್ಪಟಿ ಕಾಲಿಂದ ಕೊಡ್ತಾರ, ಅದು ಬೋರ್ಡಿನ ತೂತಿನ್ಯಾಗ ಹೋಗಂಗಿಲ್ಲ. ಕಡೀಕ ಡಬ್ಲ್ಯು ಅಕ್ಷರ ಇರೋದು, ತಂತಿ ಕಾಲಿಂದ ಬೇಕು ಅನ್ರಿ. ಬಿಚ್ಚೋ ಮೊದ್ಲ ಪ್ಲಗ್ ಕಿತ್ತು ಕಾಯಿಲ್ ಸಪ್ಲೈದ ಕೆಪ್ಯಾಸಿಟರ್ ಡಿಸ್ಚಾರ್ಜ್ ಮಾಡ್ರಿ, 70 ವೋಲ್ಟ್ ಅದ್ರಾಗ ಕುಂತಿರ್ತೈತಿ.

ಈಗ ಸಿಪಿಯುದಾಗ 4.98, ಸಂಜೀನೂ ಅಷ್ಟ.

ಫಾರಿನ್‌ನಿಂದ ಹೊಸಾ ಡ್ರೈವರ್ ಬೋರ್ಡನ್ನೂ ತರಿಸಬಹುದು, ಆದ್ರ ಶಿಪ್ಪಿಂಗ್ ಕಸ್ಟಮ್ಸ್ ಸೇರಿಸಿದ್ರ ನನ್ನ ಬಜೆಟ್ಟಿನ ಮಾತಲ್ಲ, ಮತ್ತ ಹಾರ್ನೆಸ್ (ಮಷೀನಿನೊಳಗಿನ ತಂತಿ ಕಟ್ಟು) ಕಡೆ ಕನೆಕ್ಟರ್ ಅವೇ ಹಳೇವು ಉಳೀತಾವ. ನನಗ ರಾತ್ರಿ ಊಟಾ ಆದ ಮ್ಯಾಲ ಸೋಲ್ಡರಿಂಗ್ ಐರನ್ ಹಿಡ್ಯೋ ಚಟ ಐತಿ, ಸಾಮಾನೆಲ್ಲಾ ಸೇರಿ ಎರಡು ಸಾವಿರದೊಳಗ ಮುಗೀತು. ಅಂಗಡ್ಯಾಗ ಇಟ್ಟು ಕಾಯಿನ್ ಮ್ಯಾಲ ಓಡ್ಸವ್ರು, ಕೈಯಾಗ ಟೈಮ್ ಇಲ್ಲದವ್ರು ಎಸ್‌ಎಂಪಿಎಸ್ ಹಾಕಿಕೊಳ್ರಿ, ನಂದೇನೂ ತಕರಾರಿಲ್ಲ, ಆದ್ರ ಜೆ114ರ ಪಿನ್ ಬದಲಿ ಮಾಡಿದ ಮ್ಯಾಲ.