ಕುದಿನೀರಿನ ಮೌತ್‌ಗಾರ್ಡ್: ಹಲ್ಲಿಗಾಗಿ ಕೊಳ್ಳಿ, ತಲೆಗಾಗಿ ಅಲ್ಲ

ಮಳೆ ನಿಂತು ಗದ್ದೆ ಒಣಗಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಹೊನಲು ಬೆಳಕಿನ ಕಬಡ್ಡಿ ಶುರು. ಆಡುವವರು ಮೊಣಕಾಲಿಗೆ ಕ್ಯಾಪ್ ಏರಿಸುತ್ತಾರೆ, ಪಾದದ ಗಂಟಿಗೆ ಪಟ್ಟಿ ಸುತ್ತುತ್ತಾರೆ. ಬಾಯಿಗೆ ಮಾತ್ರ ಏನೂ ಇರುವುದಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ, ಕಚ್ಚಿ, ಹಲ್ಲಿನ ಅಚ್ಚು ಮೂಡಿಸಿಕೊಳ್ಳುವ ಮೌತ್‌ಗಾರ್ಡ್ ಈಗ ಆನ್‌ಲೈನಿನಲ್ಲೂ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲೂ ಸಿಗುತ್ತದೆ. ಸಾಮಾನ್ಯವಾಗಿ 200ರಿಂದ 1000 ರೂಪಾಯಿಯೊಳಗೆ. ಇದು ಕಬಡ್ಡಿಗೆ ಒಗ್ಗುತ್ತದೆಯೇ, ಹೇಗೆ ಕೂರಿಸಬೇಕು, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಇಲ್ಲಿ ನೋಡೋಣ. ಇದರ ಜೊತೆಗೇ ಮಾರುವ ಮೆತ್ತನೆಯ ತಲೆಟೊಪ್ಪಿಯ ಬಗ್ಗೆಯೂ ಕೊನೆಯಲ್ಲಿ ಬರೆದಿದೆ. ಅದರ ವಿಚಾರದಲ್ಲಿ ನಮ್ಮ ತೀರ್ಪು ಕಟುವಾಗಿಯೇ ಇದೆ.

ಮೊದಲು, ಕಬಡ್ಡಿಯಲ್ಲಿ ಹಲ್ಲು ಹೋಗುವುದು ಹೇಗೆ? ಅಂಗಳದ ಮೂಲೆಯಲ್ಲಿ ನಿಂತು ಹಿಡಿಯುವ ಕಾರ್ನರಿನವನು, ದಾಳಿಗೆ ಬಂದ ರೈಡರ್‌ನ ಪಾದದ ಗಂಟು ಹಿಡಿಯುವ ಆಂಕಲ್ ಹೋಲ್ಡ್‌ಗೆ ಬಗ್ಗಿದಾಗ ಅವನ ಮುಖ ರೈಡರ್‌ನ ಮೊಣಕಾಲಿನ ಮಟ್ಟದಲ್ಲಿರುತ್ತದೆ. ರೈಡರ್ ಕಾಲು ಕಿತ್ತುಕೊಳ್ಳಲು ಮೊಣಕಾಲನ್ನು ಮೇಲೆತ್ತುತ್ತಾನೆ, ಗದ್ದಕ್ಕೋ ಮೇಲ್ದುಟಿಗೋ ಬಡಿಯುತ್ತದೆ. ಎರಡನೆಯದು ಚೈನ್: ಕೈಕೈ ಹಿಡಿದ ಇಬ್ಬರು ಒಂದೇ ರೈಡರ್ ಮೇಲೆ ಮುಚ್ಚಿಕೊಳ್ಳುವಾಗ ಒಬ್ಬನ ಹಣೆ ಇನ್ನೊಬ್ಬನ ಬಾಯಿಗೆ ತಾಗುತ್ತದೆ. ಮೂರನೆಯದು ತೊಡೆ ಹಿಡಿಯುವ ಥೈ ಹೋಲ್ಡ್‌ನಲ್ಲಿ ಎತ್ತಿ ಕೆಡವಿದಾಗ ಮುಖ ಅಡಿಯಾಗಿ ಬೀಳುವುದು. ಮ್ಯಾಟ್ ಮೇಲಾದರೆ ಸ್ವಲ್ಪ ವಾಸಿ, ಗಟ್ಟಿ ಮಣ್ಣಿನ ಅಂಗಳದಲ್ಲಿ ಹಾಗಲ್ಲ. ಮೂರರಲ್ಲೂ ಹೆಚ್ಚು ಪೆಟ್ಟು ತಿನ್ನುವುದು ಮೇಲಿನ ಮುಂದಿನ ಹಲ್ಲುಗಳು. ಪೆಟ್ಟಿನ ಒತ್ತಡವನ್ನು ಒಂದೇ ಹಲ್ಲಿನ ಮೇಲೆ ಬಿಡದೆ ಇಡೀ ಸಾಲಿಗೆ ಹಂಚುವುದು, ತುಟಿ ಹಲ್ಲಿಗೆ ಸಿಕ್ಕಿ ಸೀಳದಂತೆ ತಡೆಯುವುದು ಮೌತ್‌ಗಾರ್ಡ್‌ನ ಕೆಲಸ. ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಮಾರುಕಟ್ಟೆಯಲ್ಲಿ ಮೂರು ಬಗೆ. ಪೊಟ್ಟಣದಿಂದ ತೆಗೆದು ಹಾಗೇ ಬಾಯಿಗಿಡುವ ಸಿದ್ಧ ಗಾರ್ಡ್ ಬೇಡ. ಅದನ್ನು ಹಲ್ಲು ಕಚ್ಚಿಯೇ ಹಿಡಿದಿರಬೇಕು, ಬಾಯಿ ತೆರೆದರೆ ಬೀಳುತ್ತದೆ. ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಬೆಲೆ ಹಲವು ಪಟ್ಟು. ನಡುವಿನದೇ ಇದು, ಕುದಿಸಿ ಕಚ್ಚುವ ಬಗೆ. ಕೊಳ್ಳುವಾಗ ನೋಡಬೇಕಾದದ್ದು: ಮೇಲಿನ ದವಡೆಗೆ ಮಾತ್ರ ಕೂರುವಂಥದ್ದಿರಲಿ. ಎರಡೂ ದವಡೆ ಮುಚ್ಚುವುದನ್ನು ಹಾಕಿಕೊಂಡು ಕಬಡ್ಡಿ ಎನ್ನಲು ಸಾಧ್ಯವೇ ಇಲ್ಲ. ಮುಂದೆ ಪಟ್ಟಿ ನೇತಾಡುವುದು ಹೆಲ್ಮೆಟ್ ಜಾಲರಿಗೆ ಕಟ್ಟಲು ಮಾಡಿದ್ದು, ಎದುರಾಳಿಯ ಬೆರಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ. ಪಾರದರ್ಶಕವಾದದ್ದು ರಾತ್ರಿಯ ಹ್ಯಾಲೋಜನ್ ಬೆಳಕಿನಲ್ಲಿ ಮಣ್ಣಿಗೆ ಬಿದ್ದರೆ ಸಿಗುವುದಿಲ್ಲ. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳದ್ದು ಬೇರೆ ಅಳತೆ. ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುವ ವಯಸ್ಸಿನಲ್ಲಿ ವರ್ಷಕ್ಕೊಂದಾದರೂ ಹೊಸದು ಬೇಕು. ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು ಇದನ್ನು ಮನೆಯಲ್ಲಿ ಕೂರಿಸಲು ಹೋಗಬಾರದು, ಮೆತ್ತಗಾದ ಪ್ಲಾಸ್ಟಿಕ್ ತಂತಿಗೆ ಕಚ್ಚಿಕೊಳ್ಳುತ್ತದೆ. ಅವರು ವೈದ್ಯರ ಹತ್ತಿರವೇ ಹೋಗಲಿ.

ಕೂರಿಸುವುದರಲ್ಲೇ ಅರ್ಧ ಯಶಸ್ಸು. ಒಣಗಿದ್ದಾಗಲೇ ಒಮ್ಮೆ ಬಾಯಿಗಿಟ್ಟು ನೋಡಿ. ಹಿಂಭಾಗ ವಸಡಿಗೆ ಚುಚ್ಚಿದರೆ ಅಥವಾ ವಾಕರಿಕೆ ಬಂದರೆ ಕತ್ತರಿಯಿಂದ ಒಂದು ಸಲಕ್ಕೆ 2 ಮಿ.ಮೀ.ನಷ್ಟೇ ಕತ್ತರಿಸುತ್ತ ಬನ್ನಿ. ಅಗಲ ಪಾತ್ರೆಯಲ್ಲಿ ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಉರಿಯ ಮೇಲಿರುವಾಗಲೇ ಹಾಕಿದರೆ ಗಾರ್ಡ್ ಪಾತ್ರೆಯ ತಳ ಮುಟ್ಟಿ ಒಂದು ಕಡೆ ಕರಗುತ್ತದೆ. ಬಹುಪಾಲು ಇವು ಇ.ವಿ.ಎ. ಎಂಬ ಪ್ಲಾಸ್ಟಿಕ್‌ನವು, ಬಿಸಿಗೆ ಬೇಗ ಸೋಲುತ್ತವೆ. ಬೋಂಡಾ ಎತ್ತುವ ಜಾಲರಿ ಸೌಟಿನಲ್ಲಿಟ್ಟು ಮುಳುಗಿಸಿ. ಎಷ್ಟು ಹೊತ್ತು ಎಂಬುದು ಕಂಪನಿಗೊಂದು ಥರ. ಪೊಟ್ಟಣದಲ್ಲಿ ಬರೆದ ಸೆಕೆಂಡುಗಳನ್ನು ಗಡಿಯಾರ ನೋಡಿಯೇ ಎಣಿಸಿ, ಅಂದಾಜು ಬೇಡ. ಎತ್ತಿದ ಮೇಲೆ ಒಂದು ಸೆಕೆಂಡ್ ತಣ್ಣೀರಿಗೆ ಮುಟ್ಟಿಸಿ, ಇಲ್ಲದಿದ್ದರೆ ತುಟಿ ಸುಡುತ್ತದೆ.

ಈಗ ಕನ್ನಡಿಯ ಮುಂದೆ ನಿಂತು ಗಾರ್ಡ್‌ನ ಮಧ್ಯವನ್ನು ಎರಡು ಮುಂಭಾಗದ ಹಲ್ಲುಗಳ ನಡುವಿನ ಗೆರೆಗೆ ಸರಿಯಾಗಿಟ್ಟು, ಹೆಬ್ಬೆರಳುಗಳಿಂದ ಮೇಲಕ್ಕೆ ಒತ್ತಿ. ಕೆಳದವಡೆಯನ್ನು ಹಗುರವಾಗಿ ಮುಚ್ಚಿ. ಬಾಯೊಳಗಿನ ಗಾಳಿಯನ್ನು ಚೀಪುವಂತೆ ಎಳೆದುಕೊಳ್ಳಿ, ಹೊರಗಿನಿಂದ ಬೆರಳಿನಲ್ಲಿ ಕೆನ್ನೆ, ತುಟಿಗಳನ್ನು ಒತ್ತಿ, ಒಳಗಿನಿಂದ ನಾಲಿಗೆಯಲ್ಲಿ ಅಂಗುಳಿನ ಕಡೆಗೆ ತಳ್ಳಿ. 20ರಿಂದ 30 ಸೆಕೆಂಡ್ ಸಾಕು. ಆಮೇಲೆ ಒಂದು ನಿಮಿಷ ತಣ್ಣೀರಿನಲ್ಲಿಡಿ. ಬಾಯಿ ಅಗಲವಾಗಿ ತೆರೆದರೂ ಬೀಳಬಾರದು, ತೆಗೆಯಲು ಬೆರಳು ಹಾಕಿ ಎಳೆಯುವಂತಿರಬೇಕು. ಬಿದ್ದರೆ ಮತ್ತೊಮ್ಮೆ ಬಿಸಿ ಮಾಡಿ ಕೂರಿಸಬಹುದು, ಆದರೆ ಎರಡು ಮೂರು ಸಲಕ್ಕಿಂತ ಹೆಚ್ಚು ಮಾಡಿದರೆ ಪ್ಲಾಸ್ಟಿಕ್ ತೆಳ್ಳಗಾಗಿ ಹಿಡಿತ ಬಿಡುತ್ತದೆ.

ಎಲ್ಲರೂ ಮಾಡುವ ತಪ್ಪು ಒಂದೇ, ಕಬ್ಬು ಕಚ್ಚಿದಂತೆ ಜೋರಾಗಿ ಕಚ್ಚುವುದು. ಅಚ್ಚು ಚೆನ್ನಾಗಿ ಮೂಡಿತು ಅನ್ನಿಸುತ್ತದೆ, ಆದರೆ ಹಲ್ಲಿನ ತುದಿಯಲ್ಲಿ ಹಾಳೆಯಷ್ಟು ತೆಳ್ಳಗಾಗಿರುತ್ತದೆ. ಮುಂಭಾಗದಲ್ಲಿ 3 ಮಿ.ಮೀ. ದಪ್ಪವಾದರೂ ಉಳಿದಿರಬೇಕು. ಅದಕ್ಕಿಂತ ತೆಳುವಾದರೆ ಪೆಟ್ಟು ಹೀರಿಕೊಳ್ಳುವ ವಸ್ತುವೇ ಅಲ್ಲಿರುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ತೆಳುವಾದ ಜಾಗ ಗೊತ್ತಾಗುತ್ತದೆ. ಹಾಗಾಗಿದ್ದರೆ ಆ ಗಾರ್ಡ್ ಕೈಬಿಡಿ.

ಕಬಡ್ಡಿಗೇ ಮೀಸಲಾದ ತೊಂದರೆ ಇನ್ನೊಂದಿದೆ. ರೈಡರ್ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನಬೇಕು, ಅದು ಅಂಪೈರ್‌ಗೆ ಸ್ಪಷ್ಟವಾಗಿ ಕೇಳಬೇಕು. ‘ಬ’ಕ್ಕೆ ತುಟಿ ಪೂರ್ತಿ ಮುಚ್ಚಬೇಕು, ‘ಡ್ಡಿ’ಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗಬೇಕು. ಗಾರ್ಡ್‌ನ ಒಳಅಂಚು ಅಂಗುಳಿನ ಮೇಲೆ ಉದ್ದಕ್ಕೆ ಚಾಚಿದ್ದರೆ ‘ಡ್ಡಿ’ ತೊದಲುತ್ತದೆ. ರಗ್ಬಿಗೋ ಬಾಕ್ಸಿಂಗ್‌ಗೋ ಮಾಡಿದ ಗಾರ್ಡ್‌ಗಳಲ್ಲಿ ಇದರ ಯೋಚನೆಯೇ ಇರುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಒಳಅಂಚನ್ನು ಸ್ವಲ್ಪಸ್ವಲ್ಪವೇ ಕತ್ತರಿಸಿ, ಕತ್ತರಿಸಿದ ಅಂಚನ್ನು ಐದು ಸೆಕೆಂಡ್ ಬಿಸಿನೀರಿಗದ್ದಿ ಬೆರಳಿನಿಂದ ಉಜ್ಜಿ ನುಣುಪು ಮಾಡಿ. ಹೊರಅಂಚು, ಎಂದರೆ ತುಟಿಯ ಕಡೆಯದನ್ನು, ಮುಟ್ಟಬೇಡಿ. ರಕ್ಷಣೆ ಇರುವುದೇ ಅಲ್ಲಿ. ನಂತರ ಒಬ್ಬರನ್ನು ಗೆರೆಯ ಹತ್ತಿರ ನಿಲ್ಲಿಸಿ, ಪೂರ್ತಿ 30 ಸೆಕೆಂಡಿನ ರೈಡ್ ಮಾಡಿ ಅವರಿಗೆ ಕೇಳುತ್ತದೆಯೇ ನೋಡಿ. ವಾರವೊಂದು ಅಭ್ಯಾಸದಲ್ಲಿ ಹಾಕಿಕೊಂಡರೆ ನಾಲಿಗೆ ಹೊಂದಿಕೊಳ್ಳುತ್ತದೆ. ನೇರವಾಗಿ ಪಂದ್ಯಕ್ಕೆ ಹಾಕಿಕೊಂಡು ಇಳಿಯುವುದು ಬೇಡ. ಟಾಸ್‌ಗೆ ಮೊದಲೇ ರೆಫರಿಗೆ ತೋರಿಸಿಬಿಡಿ, ನಡುವೆ ತಕರಾರು ಬೇಡ.

ಕರಾವಳಿಯ ಹವೆಗೆ ಆರೈಕೆಯೂ ಬೇರೆ. ಬೈಕಿನ ಟ್ಯಾಂಕ್ ಬ್ಯಾಗಿನಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಆಕಾರ ಸೊಟ್ಟಗಾಗುತ್ತದೆ. ಒದ್ದೆಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ ನಮ್ಮ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತಣ್ಣೀರು, ಸೋಪು, ಹಳೆಯ ಟೂತ್‌ಬ್ರಷ್ ಸಾಕು. ತೂತಿರುವ ಡಬ್ಬಿಯಲ್ಲೇ ಇಡಿ. ಒಂದು ಋತು ಆಡಿದ ಮೇಲೆ ದವಡೆ ಹಲ್ಲಿನ ಜಾಗದಲ್ಲಿ ತೂತು, ಬಿರುಕು ಕಂಡರೆ ಬದಲಿಸಿ. ಇನ್ನೊಬ್ಬರದನ್ನು ಹಾಕಿಕೊಳ್ಳಲೇಬೇಡಿ.

ಗಾರ್ಡ್ ಇಲ್ಲದವನ ಹಲ್ಲು ಬೇರುಸಹಿತ ಉದುರಿದರೆ ಬೇರನ್ನು ಮುಟ್ಟದೆ ಬಿಳಿಯ ಭಾಗ ಹಿಡಿದೆತ್ತಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ತೊಳೆದು, ಉಜ್ಜದೆ, ಅದೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಮುಳುಗಿಸಿ ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಹೋಗಿ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು. ನಮ್ಮಲ್ಲಿ ಮೊದಲು ಕೈಗೆ ಸಿಗುವುದು ಎಳನೀರು. ಅದರ ಮೇಲೂ ಪ್ರಯೋಗಗಳು ನಡೆದಿವೆ, ಫಲಿತಾಂಶ ಒಂದೇ ಥರ ಬಂದಿಲ್ಲ. ಹಾಲೇ ಸರಿ. ಪಂದ್ಯದ ರಾತ್ರಿ ಸ್ಕೋರರ್ ಮೇಜಿನ ಕೆಳಗೆ ಅರ್ಧ ಲೀಟರಿನ ಪ್ಯಾಕೆಟ್ ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಇನ್ನು ತಲೆಯ ವಿಚಾರ. ಕೆಲವು ಪೊಟ್ಟಣಗಳ ಮೇಲೆ ಕನ್‌ಕಷನ್ ತಡೆಯುತ್ತದೆ ಎಂಬ ಅರ್ಥದ ಸಾಲು ಇರುತ್ತದೆ, ಮೆತ್ತನೆಯ ತಲೆಟೊಪ್ಪಿಯನ್ನಂತೂ ಅದೇ ಮಾತಿನಿಂದ ಮಾರುತ್ತಾರೆ. ಆ ಮಾತಿಗೆ ಹಣ ಕೊಡಬೇಡಿ. ಕನ್‌ಕಷನ್ ಎಂದರೆ ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದರಿಂದ ಆಗುವ ಆಘಾತ. ಹೊರಗೆ ಸುತ್ತಿದ ಫೋಮ್ ಚರ್ಮ ಒಡೆಯುವುದನ್ನು, ಕಿವಿ ಹರಿಯುವುದನ್ನು ತಡೆದೀತು, ಒಳಗಿನ ಅಲುಗಾಟವನ್ನಲ್ಲ. ಕಾಸಿನ ನಷ್ಟ ದೊಡ್ಡದಲ್ಲ. ಟೊಪ್ಪಿ ಇದೆ ಎಂಬ ಧೈರ್ಯದಲ್ಲಿ ತಲೆ ಮುಂದಿಟ್ಟು ನುಗ್ಗುವುದೇ ದೊಡ್ಡ ಅಪಾಯ.

ಈ ವಾದ ತೀರಾ ಬಹಿರಂಗವಾಗಿ ನಡೆದಿರುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ. ಅಂಡಾಕಾರದ ಮೈದಾನದಲ್ಲಿ ತಂಡಕ್ಕೆ 18 ಜನ, ಓಡುತ್ತ ಒದೆಯುತ್ತ ಡಿಕ್ಕಿ ಹೊಡೆಯುವ ಆಟ, ಗಟ್ಟಿ ಹೆಲ್ಮೆಟ್ ಇಲ್ಲ. 2023ರ ಸೆಪ್ಟೆಂಬರ್ 7ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಎದುರಾಳಿಯ ಒದೆತ ತಡೆಯಲು ಹಾರಿ, ಕೆಳಗಿಳಿಯುವಾಗ ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ ಅವರ ತಲೆಗೆ ಭುಜ ಬಡಿಯಿತು. ಬ್ರೇಶಾ ಮೆತ್ತನೆಯ ಟೊಪ್ಪಿ ಹಾಕಿಕೊಂಡೇ ಆಡುವವರು. ಅಂದೂ ಹಾಕಿದ್ದರು. ಪ್ರಜ್ಞೆ ತಪ್ಪಿ ಬಿದ್ದರು. ಮೇನಾರ್ಡ್ ಮೇಲಿನ ಆರೋಪ ಆ ಆಟದ ಉನ್ನತ ಲೀಗಿನ ಶಿಸ್ತು ಟ್ರಿಬ್ಯೂನಲ್‌ನಲ್ಲಿ ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ, 28ನೇ ವಯಸ್ಸಿಗೇ, ವೈದ್ಯರ ಸಲಹೆಯಂತೆ ಬ್ರೇಶಾ ಆಟ ಬಿಟ್ಟರು. ಆ ವರ್ಷದಿಂದ ಲೀಗ್, ಹೀಗೆ ಹಾರಿ ತಲೆಗೆ ತಾಗಿಸುವವನ ಹೊಣೆಯನ್ನು ಬಿಗಿಗೊಳಿಸಿತು.

ನಿಯಮ ಬದಲಾದಾಗಲೆಲ್ಲ ಆಟದ ಗಂಡಸುತನ ಹೋಯಿತು ಎನ್ನುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅವರಿಗೆ ಅದೇ ಲೀಗಿನ 2005ರ ಬದಲಾವಣೆ ತೋರಿಸಬೇಕು. ಮಧ್ಯದಲ್ಲಿ ಚೆಂಡು ಪುಟಿಸಿದಾಗ ಎತ್ತರದ ಆಟಗಾರರಿಬ್ಬರು ದೂರದಿಂದ ಓಡಿಬಂದು ಗಾಳಿಯಲ್ಲಿ ಡಿಕ್ಕಿಯಾಗಿ ಮೊಣಕಾಲಿನ ಹಿಂಬದಿಯ ಅಸ್ಥಿರಜ್ಜು ಹರಿದುಕೊಳ್ಳುತ್ತಿದ್ದರು. ಲೀಗ್ ಅವರಿಗೆ ಹೊಸ ಪ್ಯಾಡ್ ಕೊಡಲಿಲ್ಲ. 10 ಮೀಟರ್ ವ್ಯಾಸದ ವೃತ್ತ ಬರೆದು ಅದರೊಳಗಿಂದಷ್ಟೇ ಓಡಿ ಎಂದಿತು. ಆ ಗಾಯ ಇಳಿಯಿತು. ಹಾಗೆಂದು ಅಲ್ಲಿಯ ಎಲ್ಲ ನಿಯಮವೂ ನಮಗೆ ಹೊಂದುವುದಿಲ್ಲ. ಮೊಣಕಾಲಿನ ಕೆಳಗೆ ಜಾರಿ ಬಡಿಯುವುದನ್ನು 2013ರಲ್ಲಿ ಫ್ರೀ ಕಿಕ್‌ಗೆ ಗುರಿಯಾಗಿಸಿದರು. ಅದನ್ನು ಇಲ್ಲಿಗೆ ತರಲಾಗದು, ಆಂಕಲ್ ಹೋಲ್ಡ್ ಇಲ್ಲದ ಕಬಡ್ಡಿ ಇರಲಾರದು. ನಮ್ಮ ನಿಯಮಪುಸ್ತಕದಲ್ಲಿ ಬೇಕಾದದ್ದು ಆಗಲೇ ಇದೆ: ಕೈಕಾಲು, ಮುಂಡ ಬಿಟ್ಟು ಬೇರೆಡೆ ಉದ್ದೇಶಪೂರ್ವಕ ಹಿಡಿಯುವಂತಿಲ್ಲ, ರೈಡರ್‌ನ ಬಾಯಿ ಮುಚ್ಚುವಂತಿಲ್ಲ, ಕಾಲಿನಿಂದ ಕತ್ತರಿ ಹಾಕುವಂತಿಲ್ಲ. ಸ್ಥಳೀಯ ಪಂದ್ಯಾವಳಿಗಳಲ್ಲಿ ಕುತ್ತಿಗೆ ಹಿಡಿತಕ್ಕೆ ಸೀಟಿ ಊದುವ ರೆಫರಿ ಬೇಕು, ಅಷ್ಟೇ.

ನಮ್ಮಲ್ಲಿ ಇಲ್ಲದ್ದು, ಪೆಟ್ಟು ಬಿದ್ದ ಮೇಲಿನ ನಿಯಮ. ಆಸ್ಟ್ರೇಲಿಯಾದ ಉನ್ನತ ಲೀಗಿನಲ್ಲಿ 2021ರಿಂದ ಕನ್‌ಕಷನ್ ಆದವನು ಕನಿಷ್ಠ 12 ದಿನ ಪಂದ್ಯ ಆಡುವಂತಿಲ್ಲ. ಊರ ಮಟ್ಟದ ಕ್ಲಬ್‌ಗಳಿಗೆ 2024ರಿಂದ ಅದು 21 ದಿನ. ವೃತ್ತಿಪರನಿಗಿಂತ ಊರಿನವನಿಗೆ ಹೆಚ್ಚು ದಿನ ಇರುವುದು ತಿರುವುಮುರುವು ಅನ್ನಿಸಬಹುದು, ಆದರೆ ದಿನವೂ ಪರೀಕ್ಷಿಸುವ ವೈದ್ಯರಿಲ್ಲದವನಿಗೆ ಕಾಯುವುದೊಂದೇ ರಕ್ಷಣೆ. ಕುಮಟಾದ ಮಣಕಿ ಮೈದಾನಕ್ಕೂ ಅಂಕೋಲೆಯ ಜೈಹಿಂದ್ ಮೈದಾನಕ್ಕೂ ಈ ತರ್ಕ ಇನ್ನೂ ಗಟ್ಟಿಯಾಗಿ ಹೊಂದುತ್ತದೆ. ತಲೆಯ ದೊಡ್ಡ ಗಾಯಕ್ಕೆ ನಮ್ಮ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್.

ಆದ್ದರಿಂದ ಸಂಘಟಕರು ಬಹುಮಾನದ ಮೊತ್ತದ ಕೆಳಗೆ ಈ ಸಾಲು ಅಚ್ಚು ಹಾಕಿಸಲಿ: ‘ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ, ತಡವರಿಸಿದ, ಅಂಕ ಎಷ್ಟೆಂದು ಹೇಳಲಾಗದ ಆಟಗಾರ ಈ ಪಂದ್ಯಾವಳಿಯಲ್ಲಿ ಮತ್ತೆ ಆಡುವಂತಿಲ್ಲ, 21 ದಿನ ಅಂಗಳಕ್ಕೆ ಇಳಿಯುವಂತಿಲ್ಲ.’ ಹನ್ನೆರಡರ ತಂಡದಲ್ಲಿ ಏಳು ಜನ ಆಡುವ ಆಟದಲ್ಲಿ ಬದಲಿಗೆ ಕೊರತೆಯಿಲ್ಲ. ತೀರ್ಮಾನ ನಾಯಕನದ್ದಲ್ಲ, ರೆಫರಿಯದ್ದಿರಲಿ. ಆ ಹುಡುಗನನ್ನು ರಾತ್ರಿ ಬೈಕ್ ಓಡಿಸಿಕೊಂಡು ಮನೆಗೆ ಹೋಗಲು ಬಿಡಬೇಡಿ, ಒಬ್ಬನೇ ಮಲಗಲೂ ಬಿಡಬೇಡಿ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಕುತ್ತಿಗೆ ನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.