ನೆರೂಳಿನ ಮೈದಾನವಾ, ಮೊಟೇರಾದ ಗ್ಯಾಲರಿಯಾ? ಕೋಲ್ಡ್‌ಪ್ಲೇ ಎರಡೂ ಕಡೆ ನೋಡಿದ ಮೇಲೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇಯ ಶೋ ಒಂದೇ ಸಲ ನೋಡುವ ಅವಕಾಶ ಇದ್ದರೆ ಗ್ಯಾಲರಿ ಟಿಕೆಟ್ ತಗೊಳ್ಳಿ, ಅದೂ ಮೇಲಿನ ಸಾಲಿನದು. ಇನ್ನೊಂದು ಸಲ ಸಿಕ್ಕರೆ ಮೈದಾನಕ್ಕೆ ಇಳಿಯಿರಿ. ಹೀಗಂದರೆ ನನ್ನ ಜೊತೆಯ ಅಭಿಮಾನಿಗಳು ಒಪ್ಪುವುದೇ ಇಲ್ಲ. ರಾಕ್ ಶೋ ಅಂದಮೇಲೆ ಸ್ಟೇಜ್ ಮುಂದೆ ನಿಂತು ಕುಣಿಯಬೇಕು, ಕೂತು ನೋಡೋಕೆ ಅದೇನು ನಾಟಕವಾ ಅಂತ ಕೇಳುತ್ತಾರೆ. ಬೇರೆ ಬ್ಯಾಂಡ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

2025ರ ಜನವರಿಯಲ್ಲಿ ಅವರು ನವಿ ಮುಂಬೈಯಲ್ಲಿ 18, 19, 21ರಂದು, ಅಹಮದಾಬಾದಿನಲ್ಲಿ 25 ಮತ್ತು 26ರಂದು ಹಾಡಿದರು. ನಾನು 19ರಂದು ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂನ ಮೈದಾನದಲ್ಲಿ ನಿಂತಿದ್ದೆ. 25ರಂದು ಮೊಟೇರಾದ ನರೇಂದ್ರ ಮೋದಿ ಸ್ಟೇಡಿಯಂನ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. 26ರದ್ದನ್ನು ಅದೇ ಊರಲ್ಲಿ ಗೆಳತಿಯ ಮನೆ ಟೀವಿಯಲ್ಲಿ ನೋಡಿದೆ. ಅದೇ ಟೂರ್, ಹೆಚ್ಚುಕಮ್ಮಿ ಅದೇ ಹಾಡುಗಳು, ಅದೇ ನಾಲ್ಕು ಜನ. ಬದಲಾಗಿದ್ದು ನಾನಿದ್ದ ಜಾಗ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ, ಅಲ್ವಾ?

2016ರ ನವೆಂಬರ್‌ನಲ್ಲಿ ಅವರು ಮುಂಬೈಗೆ ಬಂದು ಬಾಂದ್ರಾ-ಕುರ್ಲಾದ ಮೈದಾನದಲ್ಲಿ ಹಾಡಿದಾಗ ನನ್ನ ಕೈಲಿ ದುಡ್ಡಿರಲಿಲ್ಲ. ಆಮೇಲೆ ಎಂಟು ವರ್ಷ ಕಾಯಬೇಕಾಯಿತು. 2024ರ ಸೆಪ್ಟೆಂಬರ್ 22ಕ್ಕೆ ಟಿಕೆಟ್ ಬಿಟ್ಟಾಗ ಆನ್‌ಲೈನ್ ಸಾಲಿನಲ್ಲಿ ಲಕ್ಷಗಟ್ಟಲೆ ಜನ ಕಾಯುತ್ತಿದ್ದರು, ಮೊದಲು ಎರಡೇ ಶೋ ಅಂತಿದ್ದದ್ದಕ್ಕೆ ಅವತ್ತೇ 21ರದ್ದೂ ಸೇರಿಕೊಂಡಿತು. ನೆರೂಳಿನಲ್ಲಿ ಗ್ಯಾಲರಿಯ ಅಗ್ಗದ ಟಿಕೆಟ್ 2,500 ರೂಪಾಯಿ, ಮೈದಾನದಲ್ಲಿ ನಿಲ್ಲೋದಕ್ಕೆ 6,450. ಕೂರುವ ಟಿಕೆಟ್‌ಗಿಂತ ನಿಲ್ಲುವ ಟಿಕೆಟ್ ದುಬಾರಿ ಅಂತ ಅಮ್ಮನಿಗೆ ಅರ್ಥ ಮಾಡಿಸೋದೇ ದೊಡ್ಡ ಕೆಲಸವಾಯಿತು.

ಮೈದಾನದ ಸುಖ ನಿಜವಾದದ್ದು, ಅದನ್ನು ಕಮ್ಮಿ ಮಾಡಿ ಹೇಳಲ್ಲ. ಬೇಸ್ ಗಿಟಾರಿನ ಸದ್ದು ಕಿವಿಗೆ ಬರೋದಕ್ಕಿಂತ ಮೊದಲು ಎದೆಗೂಡಿಗೆ ತಾಗುತ್ತದೆ, ಚಪ್ಪಲಿ ಅಡಿಯ ನೆಲವೂ ಅದುರುತ್ತದೆ. ಜಾನಿ ಬಕ್‌ಲ್ಯಾಂಡ್ ಟೋಪಿ ಹಾಕಿಕೊಂಡು ತಲೆ ತಗ್ಗಿಸಿ ಗಿಟಾರ್ ನುಡಿಸುತ್ತಿರುತ್ತಾನೆ, ಜನರ ಕಡೆ ನೋಡೋದೇ ಕಮ್ಮಿ. ಹಾಡುಗಾರ ಕ್ರಿಸ್ ಮಾರ್ಟಿನ್ ಸ್ಟೇಜಿನಿಂದ ಮೈದಾನದ ನಡುವಿಗೆ ಹೋಗುವ ಉದ್ದನೆಯ ಹಾದಿಯಲ್ಲಿ ಓಡಿ ಬಂದಾಗ ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿದ್ದು ಕಂಡಿತು. ಸುಮ್ನೆ ಫೋಟೋದಲ್ಲಿ ನೋಡಿದ ಮುಖ ಅಷ್ಟು ಹತ್ತಿರದಲ್ಲಿ ಉಸಿರು ತಗೊಳ್ಳುತ್ತಿದ್ದರೆ ಆಗುವ ಖುಷಿಗೆ ಗ್ಯಾಲರಿಯಲ್ಲಿ ಸಾಟಿ ಇಲ್ಲ.

ಒಂದು ಗುಟ್ಟು ಹೇಳುತ್ತೇನೆ. ಮೈದಾನದ ಟಿಕೆಟ್ ತಗೊಂಡರೆ ಮುಂದಿನ ಕಂಬಿಗೆ ಅಂಟಿಕೊಳ್ಳಲು ಮಧ್ಯಾಹ್ನದಿಂದಲೇ ಒದ್ದಾಡಬೇಡಿ. ಈ ಟೂರ್‌ನಲ್ಲಿ ಇನ್ನೊಂದು ಪುಟ್ಟ ಸ್ಟೇಜ್ ಮೈದಾನದ ಹಿಂದಿನ ಕಡೆ ಇರುತ್ತದೆ. ಶೋ ಕೊನೆಯ ಭಾಗದಲ್ಲಿ ನಾಲ್ವರೂ ಅಲ್ಲಿಗೆ ನಡೆದು ಬರುತ್ತಾರೆ, ಆಗ ಹಿಂದೆ ನಿಂತವರೇ ಮೊದಲ ಸಾಲಿನವರು. ನಾನೂ ತಂಗಿಯೂ ಹಿಂದೆಯೇ ನಿಂತಿದ್ದೆವು. ಅವಳು ಗಿಡ್ಡ, ಅವಳಿಗೆ ಅವತ್ತು ಸ್ಟೇಜ್ ಸರಿಯಾಗಿ ಕಂಡಿದ್ದು ಆ ಮೂರ್ನಾಲ್ಕು ಹಾಡಿನಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಮುಂದಿನವರ ಬೆನ್ನು ಮತ್ತು ಮೇಲೆತ್ತಿದ ಮೊಬೈಲು.

ಇನ್ನು ಗ್ಯಾಲರಿ. ಒಳಗೆ ಹೋಗುವಾಗ ಪ್ರತಿಯೊಬ್ಬರ ಕೈಗೂ ಒಂದು ಪಟ್ಟಿ ಕೊಡುತ್ತಾರೆ, ಅದರಲ್ಲಿ ಪುಟ್ಟ ಎಲ್‌ಇಡಿ ದೀಪಗಳು. ಕಟ್ಟಿಕೊಂಡಾಗ ಮಕ್ಕಳ ಆಟದ ವಾಚಿನಷ್ಟೇ ಹಗುರ. ಟೀವಿ ರಿಮೋಟಿನಿಂದ ಬರುವಂಥದೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜನರ ಮೇಲೆ ಹಾಯಿಸುತ್ತಾರೆ, ಅದು ಬಿದ್ದ ಕಡೆಯ ಪಟ್ಟಿಗಳು ಬಣ್ಣ ಬದಲಿಸುತ್ತವೆ. ಮೈದಾನದಲ್ಲಿ ನಿಂತಾಗ ನನಗೆ ಕಂಡಿದ್ದು ಸುತ್ತಲಿನ ಹತ್ತಿಪ್ಪತ್ತು ಕೈ. ಕೆಂಪಾಯಿತು, ನೀಲಿಯಾಯಿತು, ಚೆನ್ನಾಗಿದೆ ಅನ್ನಿಸಿತು ಅಷ್ಟೇ. ಮೊಟೇರಾದಲ್ಲಿ ‘ಯೆಲ್ಲೋ’ ಹಾಡಿನ ಮೊದಲ ಗಿಟಾರ್ ಮೀಟು ಬೀಳುತ್ತಿದ್ದ ಹಾಗೆ ಇಡೀ ಸ್ಟೇಡಿಯಂ ಹಳದಿಯಾಯಿತು. ಅವತ್ತು ಅಲ್ಲಿದ್ದವರು ಒಂದು ಲಕ್ಷಕ್ಕೂ ಮೇಲೆ. ಕ್ರಿಕೆಟ್‌ಗೆ 1,32,000 ಜನ ಹಿಡಿಯುವ ಸ್ಟೇಡಿಯಂ ಅದು, ನೆರೂಳಿನದ್ದು ಅದರ ಅರ್ಧವೂ ಇಲ್ಲ. ಗ್ಯಾಲರಿಯಲ್ಲಿ ನೋಟಕ್ಕೆ ಅಡ್ಡ ಬರುವ ಕಂಬಗಳೂ ಇಲ್ಲ. ಎದುರಿನ ಗ್ಯಾಲರಿಯಲ್ಲಿ ಹುಟ್ಟಿದ ಬೆಳಕಿನ ಅಲೆ ಮೈದಾನ ದಾಟಿ, ನಮ್ಮ ಕೆಳಗಿನ ಸಾಲು ಹತ್ತಿ, ನನ್ನ ಮಣಿಕಟ್ಟನ್ನೂ ಮಿನುಗಿಸಿ ಮೇಲೆ ಹೋಯಿತು. ನೋಡುತ್ತಾ ನನಗೆ ಕಣ್ಣೀರೇ ಬಂತು. ಈ ಬ್ಯಾಂಡು ಹಾಡು ಕಟ್ಟುವಾಗ ಜನರನ್ನೂ ಒಂದು ವಾದ್ಯ ಅಂತ ಲೆಕ್ಕಕ್ಕಿಟ್ಟುಕೊಂಡಿದೆ. ಮೈದಾನದಲ್ಲಿದ್ದರೆ ನೀವು ಆ ವಾದ್ಯದ ಒಳಗಿರುತ್ತೀರಿ, ಪೂರ್ತಿ ನೋಡೋಕೆ ಎತ್ತರ ಬೇಕು.

ಗ್ಯಾಲರಿಯ ದೊಡ್ಡ ಕೊರತೆ ಸದ್ದು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಸ್ಟೇಜಿನಿಂದ 150 ಮೀಟರ್ ದೂರ ಕೂತರೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ತಡ. ವಿಲ್ ಚಾಂಪಿಯನ್ ಡ್ರಮ್ ಮೇಲೆ ಕೋಲು ಬಡಿದಿದ್ದು ಮೊದಲು ಕಾಣುತ್ತದೆ, ಏಟಿನ ಸದ್ದು ಆಮೇಲೆ. ಮೊದಲ ಎರಡು ಹಾಡಿಗೆ ಇದು ಕಾಡಿತು, ಆಮೇಲೆ ಸ್ಟೇಜ್ ಬಿಟ್ಟು ಜನರ ಕಡೆ ನೋಡೋಕೆ ಶುರು ಮಾಡಿದೆ, ಸರಿಹೋಯಿತು. ಪದ ಪದ ಸ್ಪಷ್ಟವಾಗಿ ಕೇಳಬೇಕು ಅನ್ನುವವರಿಗೆ ನೆರೂಳಿನಂಥ ಚಿಕ್ಕ ಸ್ಟೇಡಿಯಮ್ಮೇ ವಾಸಿ.

ಎರಡೂ ಕಡೆ ಸಮಸಮ ಅನ್ನಿಸಿದ್ದು ‘ಎ ಸ್ಕೈ ಫುಲ್ ಆಫ್ ಸ್ಟಾರ್ಸ್’ ಒಂದೇ. ಕ್ರಿಸ್ ಆ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಈ ಒಂದು ಹಾಡಿಗೆ ಫೋನು, ಕ್ಯಾಮರಾ ಎಲ್ಲ ಒಳಗಿಡಿ ಅಂತ ಕೇಳಿಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಮೈದಾನದಲ್ಲಿ ಆಗ ಅಕ್ಕಪಕ್ಕದವರ ಮುಖ ಕಂಡವು, ಗುರುತಿಲ್ಲದ ಹುಡುಗಿಯೊಬ್ಬಳು ತಂಗಿಯ ಕೈ ಹಿಡಿದು ಕುಣಿದಳು. ಗ್ಯಾಲರಿಯಲ್ಲಿ ಫೋನಿನ ಬಿಳಿ ಚುಕ್ಕಿಗಳು ಒಂದೊಂದೇ ಆರಿ ಕೈಪಟ್ಟಿಗಳು ಮಾತ್ರ ಉಳಿದವು. ಯಾವುದು ಹೆಚ್ಚು ಅಂತ ನನಗೆ ಇವತ್ತಿಗೂ ಹೇಳೋಕೆ ಬರಲ್ಲ.

ಟೀವಿಯ ಶೋ ಬಗ್ಗೆ ಜಾಸ್ತಿ ಹೇಳೋದಿಲ್ಲ. 26ರ ಶೋವನ್ನು ಹಾಟ್‌ಸ್ಟಾರ್‌ನಲ್ಲಿ ನೇರವಾಗಿ ತೋರಿಸಿದರು. ಬೆರಳಿನ ಚಲನೆ, ಪಿಯಾನೋ ಕೀಲಿ, ಎಲ್ಲವೂ ಕಂಡಿತು, ಸದ್ದು ಮೂರರಲ್ಲೂ ಅತ್ಯಂತ ಶುದ್ಧ. ಬುಮ್ರಾ ಬಂದಿದ್ದರು, ಅವರ ಹೆಸರಿನಲ್ಲಿ ಕ್ರಿಸ್ ನಾಲ್ಕು ಸಾಲು ಹಾಡಿದ. ಗಣರಾಜ್ಯೋತ್ಸವದ ದಿನ ಅಂತ ‘ವಂದೇ ಮಾತರಂ’ ಕೂಡ ಹಾಡಿದ. ನೆನಪಿಗೆ ಚೆನ್ನ, ಹಾಡು ಕಲಿಯುವವರಿಗೆ ಇನ್ನೂ ಚೆನ್ನ. ಆದರೆ ‘ಫಿಕ್ಸ್ ಯೂ’ ಬಂದಾಗ ಸೋಫಾ ಮೇಲೆ ಕೂತ ನಾವಿಬ್ಬರೇ ಹಾಡಬೇಕಾಯಿತು. ಹಿಂದಿನ ರಾತ್ರಿ ಅದೇ ಹಾಡನ್ನು ಲಕ್ಷ ಜನ ಹಾಡಿದ್ದನ್ನು ಕೇಳಿದ ಕಿವಿಗೆ ಅದು ಸಾಲುವುದಿಲ್ಲ.

ಪ್ರಯಾಣದ ಲೆಕ್ಕದಲ್ಲಿ ಮಾತ್ರ ನಮ್ಮ ಕಡೆಯವರಿಗೆ ನೆರೂಳೇ ಗೆಲ್ಲುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮುಂಬೈಗೆ ಹೋಗುವ ರಾತ್ರಿ ಬಸ್ಸು ಪನವೇಲ್ ದಾಟಿ ಸಯನ್-ಪನವೇಲ್ ಹೆದ್ದಾರಿಯಲ್ಲೇ ಹೋಗುತ್ತದೆ, ಸ್ಟೇಡಿಯಂ ಇರೋದು ಅದೇ ರಸ್ತೆ ಪಕ್ಕ. ಬೆಳಿಗ್ಗೆ ಕ್ಲೀನರ್ ‘ನೆರೂಳ್, ನೆರೂಳ್’ ಅಂತ ಕೂಗಿದಾಗ ಬ್ಯಾಗ್ ತಗೊಂಡು ಇಳಿದರೆ ಆಯಿತು. ಮುಂಬೈ ಊರೊಳಗೆ ಹೋಗುವ ಕೆಲಸವೇ ಇಲ್ಲ. ನವಿ ಮುಂಬೈಯಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಚಿಕ್ಕಪ್ಪನೋ ಅತ್ತೆಯೋ ಸಿಕ್ಕರೆ ರೂಮಿನ ಖರ್ಚೂ ಉಳಿಯಿತು. ಅಹಮದಾಬಾದಿನಲ್ಲಿ ಆ ವಾರ ಹೋಟೆಲ್ ದರ ಮುಗಿಲಿಗೇರಿತ್ತು. ಗೆಳತಿ ಇಲ್ಲದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಬಾಂದ್ರಾ ಟರ್ಮಿನಸ್‌ನಿಂದ ವಿಶೇಷ ರೈಲು ಬಿಟ್ಟಿದ್ದರು, ಮೆಟ್ರೋ ತಡರಾತ್ರಿವರೆಗೂ ಓಡಿತು, ಸ್ಟೇಡಿಯಂ ಹತ್ತಿರವೇ ಸ್ಟೇಷನ್. ಹೊರಗೆ ಬರುವಾಗ ಲಕ್ಷ ಜನ ಒಂದೇ ಕಡೆ ನುಗ್ಗುತ್ತಾರೆ, ಹಾಗಾಗಿ ಕೈಪಟ್ಟಿಯನ್ನು ವಾಪಸ್ ಡಬ್ಬಕ್ಕೆ ಹಾಕಿ, ನೀರು ಕುಡಿದು, ಅರ್ಧ ಗಂಟೆ ಸೀಟಿನಲ್ಲೇ ಕೂತು ಹೊರಡಿ. ಜೊತೆಗೆ ವಯಸ್ಸಾದವರೋ ಮಕ್ಕಳೋ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಕೂತರೂ ನಷ್ಟವಿಲ್ಲ.