30×40ರ ಸೈಟು: ಒಂದೇ ಅಂತಸ್ತೋ, ಡೂಪ್ಲೆಕ್ಸೋ?

30×40 ಅಡಿಯ ಸೈಟೆಂದರೆ 1,200 ಚದರ ಅಡಿ. ಕಟ್ಟಡದ ವ್ಯಾಪ್ತಿಗೆ ಶೇ 75ರ ಮಿತಿಯಿದೆ ಎಂದಿಟ್ಟುಕೊಂಡರೆ ನೆಲದ ಮೇಲೆ ಹೆಚ್ಚೆಂದರೆ ಒಂಬತ್ತು ಚದರ (ಒಂದು ಚದರವೆಂದರೆ 100 ಚದರ ಅಡಿ) ಕಟ್ಟಬಹುದು, ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಟ್ಟ ಮೇಲೆ ಅದೂ ಪೂರ್ತಿ ದಕ್ಕದಿರಬಹುದು. ಒಂದೇ ಅಂತಸ್ತಾದರೆ ಎರಡು ಮಲಗುವ ಕೋಣೆಯ ಮನೆ ಇಷ್ಟರಲ್ಲಿ ಹಿಡಿಸುತ್ತದೆ, ವಯಸ್ಸಾದವರಿಗೆ ಮೆಟ್ಟಿಲಿನ ಕಾಟವೂ ಇಲ್ಲ. ಆದರೆ ಕಾರಿಗೆ ಜಾಗ ತೆಗೆದೊಡನೆ ನಡುಮನೆ ಕುಗ್ಗುತ್ತದೆ. ಡೂಪ್ಲೆಕ್ಸಿನಲ್ಲಿ, ಅಂದರೆ ಒಳಗೇ ಮೆಟ್ಟಿಲಿರುವ ಎರಡಂತಸ್ತಿನ ಒಂದೇ ಮನೆಯಲ್ಲಿ, ಅಂತಸ್ತಿಗೆ ಆರರಂತೆ ಹನ್ನೆರಡು ಚದರ ಕಟ್ಟಿಯೂ ಅರ್ಧ ಸೈಟು ಗಾಳಿ, ಬೆಳಕು, ಸಂಪು, ತುಳಸಿಕಟ್ಟೆಗೆ ಉಳಿಯುತ್ತದೆ. ಮೆಟ್ಟಿಲು ಮಾತ್ರ ಎರಡೂ ಅಂತಸ್ತಿನಲ್ಲಿ ಅರ್ಧ ಚದರಕ್ಕೂ ಹೆಚ್ಚು ನುಂಗುತ್ತದೆ (ನಕ್ಷೆ ನೋಡುವಾಗ ಇದು ಹಲವರ ಕಣ್ಣಿಗೆ ಬೀಳುವುದೇ ಇಲ್ಲ). ನನ್ನ ಒಲವು ಡೂಪ್ಲೆಕ್ಸಿನತ್ತ, ಕೆಳಗೊಂದು ಮಲಗುವ ಕೋಣೆ ಮತ್ತು ಬಚ್ಚಲು ಇದ್ದರೆ ಮಾತ್ರ.